ಉಸಿರಿದ್ದಾಗ ಕಡಿದ ಬಿದಿರು

ರೇಣಮ್ಮ ಹೂಗಾರಳಿಗೆ ಮನುಷ್ಯರ ಮುಖಕ್ಕಿಂತ ಮೊದಲು ಅವರ ಕಾಲು ಕಾಣುತ್ತಿದ್ದವು. ಸುರಪುರದ ರಂಗಂಪೇಟೆಯಲ್ಲಿ ಅವಳ ಹೂವಿನ ಅಂಗಡಿ. ಬಂದವರ ಕಾಲಲ್ಲಿ ಚಪ್ಪಲಿ ಇದ್ದರೆ ಮದುವೆಗೋ, ಜಾವಳಕ್ಕೋ, ಗುಡಿಗೋ ಹೂ ಬೇಕಾದವರು. ಅವರೊಡನೆ ನಗಬಹುದು, ಚೌಕಾಸಿ ಮಾಡುತ್ತ ಜಗಳವನ್ನೂ ಆಡಬಹುದು. ಬರಿಗಾಲಲ್ಲಿ ಬಂದು, ಮೆಟ್ಟಿಲು ಹತ್ತದೆ ಕೆಳಗೇ ನಿಂತವರು ಸಾವಿನ ಮನೆಯವರು. ಅವರಿಗೆ ಬರ್ರಿ ಅನ್ನುವಂತಿಲ್ಲ, ಕೂಡ್ರಿ ಅನ್ನುವಂತಿಲ್ಲ, ಯಾರು ಹೋದರೆಂದು ಕೇಳುವಂತಿಲ್ಲ. "ಕುಂತದ್ದೋ, ಮಲಗಿದ್ದೋ?" ಎಂಬ ಒಂದೇ ಪ್ರಶ್ನೆ. ಮಲಗಿಸಿ ಒಯ್ಯುವವರಿಗೆ ಚಟ್ಟದ ಹೂ ಸಾಕು. ಕೂರಿಸಿ ಮಣ್ಣು ಮಾಡುವವರಿಗೆ ವಿಮಾನ ಬೇಕು. ಬಿದಿರಿನ ಚೌಕಟ್ಟಿಗೆ ಸೀರೆ ಸುತ್ತಿ, ಬಾಳೆಕಂಬ ಬಿಗಿದು, ಚೆಂಡುಹೂ ಇಳಿಬಿಟ್ಟು, ನಡುವೆ ಸತ್ತವರನ್ನು ಕೂರಿಸಿ ಹೆಗಲ ಮೇಲೆ ಹೊರುವ ಆ ಕಡೆಯ ಪಲ್ಲಕ್ಕಿಗೆ ಈ ಸೀಮೆಯಲ್ಲಿ ವಿಮಾನ ಎನ್ನುತ್ತಾರೆ.

ಈ ಕಸುಬಿಗೆ ಅವಳ ಗಂಡ ವಿಶ್ವರಾಧ್ಯ ಹಾಕಿಕೊಂಡಿದ್ದ ಕಟ್ಟಳೆ ಒಂದೇ. ಬರಿಗಾಲು ಕಣ್ಣಿಗೆ ಬೀಳುವ ತನಕ ಬಿದಿರಿಗೆ ಮಚ್ಚು ಹಾಕಬಾರದು. ಉಸಿರಿರುವ ಮನುಷ್ಯನಿಗೆ ವಿಮಾನ ಕಟ್ಟಿದರೆ ಆ ಉಸಿರನ್ನು ಎಳೆದು ತಂದ ಪಾಪ ಕಟ್ಟಿದವನ ತಲೆಗೆ. ತಯಾರಿ ವಿಮಾನ ಅಂಗಡಿಯಲ್ಲಿಟ್ಟುಕೊಂಡು ಕೂತವನನ್ನು ಅವನು ಹೂಗಾರನೆಂದೇ ಒಪ್ಪುತ್ತಿರಲಿಲ್ಲ, ಹದ್ದು ಅನ್ನುತ್ತಿದ್ದ. ಹೀಗಾಗಿ ಮೇದಾರರಿಂದ ತಂದ ಬಿದಿರು ಹಿತ್ತಲ ಗೋಡೆಗೆ ಇಡಿಇಡಿಯಾಗಿ ಒರಗಿಕೊಂಡಿರುತ್ತಿತ್ತು. ಬಂದವನು ಇನ್ನೂ ಕೆಳಗೆ ನಿಂತಿರುವಾಗಲೇ ಮೊದಲ ಏಟು ಬೀಳುತ್ತಿತ್ತು.

ರೇಣಮ್ಮ ಕೊಂಕಲ್‌ನ ಮಗಳು. ತವರಿನಲ್ಲೂ ಹೂವಿನದೇ ಬದುಕು, ಆದರೆ ಅಲ್ಲಿ ಗುಡಿಯ ಹೂ ಮಾತ್ರ. ಲಗ್ನವಾಗಿ ಬಂದ ಹೊಸತರಲ್ಲಿ ವಿಮಾನಕ್ಕೆ ಮಾಲೆ ಕಟ್ಟಿದ ಕೈಯಿಂದ ರೊಟ್ಟಿ ಮುರಿಯಲಾಗದೆ ಎದ್ದು ಹೋಗುತ್ತಿದ್ದಳು. ಅತ್ತೆ ಬೈಯಲಿಲ್ಲ. ಹಸಿವಾದರೆ ತಾನೇ ತಿನ್ನುತ್ತಾಳೆ ಎಂದು ಬಿಟ್ಟಳು, ಹಾಗೇ ಆಯಿತು. ಮುಂದೆ ವಿಶ್ವರಾಧ್ಯನಿಗೆ ಲಕ್ವಾ ಹೊಡೆದು ಬಲಗೈ ಜೋತುಬಿದ್ದಾಗ ಮಚ್ಚು ಅವಳ ಕೈಗೆ ಬಂತು. ಅವನು ಕುರ್ಚಿಯ ಮೇಲೆ ಕೂತು ಹೇಳುವುದು, ಅವಳು ಕಡಿಯುವುದು, ಬಿಗಿಯುವುದು. ಹೆಣ್ಣು ಕಟ್ಟಿದ ವಿಮಾನಕ್ಕೆ ಹೆಗಲು ಕೊಡುವುದು ಹೇಗೆಂದು ಪೇಟೆಯ ಒಂದಿಬ್ಬರು ಹಿರಿಯರು ಗೊಣಗಿದರು. ಹೆಣ ಮನೆಯಲ್ಲಿಟ್ಟುಕೊಂಡವರು ಬಹಳ ಹೊತ್ತು ಆಚಾರ ಮಾತಾಡಲಾರರು. ಗೊಣಗಿದವರ ಮನೆಗಳಿಗೂ ಆಮೇಲೆ ಅವಳೇ ಕಟ್ಟಿಕೊಟ್ಟಳು.

ವಿಶ್ವರಾಧ್ಯ ತೀರಿಕೊಂಡ ದಿನ ಅವನ ವಿಮಾನವನ್ನೂ ಅವಳೇ ಕಟ್ಟಬೇಕಾಯಿತು. ಬೇರೆ ಯಾರಾದರೂ ಕಟ್ಟಲಿ ಎಂದು ಬಂಧುಗಳು ಹೇಳಿದರೂ ಅವಳು ಕೇಳಲಿಲ್ಲ. ಆದರೆ ಬರಿಗಾಲಲ್ಲಿ ಬಂದು ಹೇಳುವವರು ಯಾರು? ಸಾವಿನ ಮನೆ ಅವಳದೇ. ಚಪ್ಪಲಿ ಬಿಟ್ಟು ಬೀದಿಗಿಳಿದಳು, ಓಣಿಯ ತುದಿಯ ತನಕ ನಡೆದು ಹೋಗಿ ತಿರುಗಿ ಬಂದು, ತನ್ನ ಅಂಗಡಿಯ ಮೆಟ್ಟಿಲ ಕೆಳಗೆ ತಾನೇ ಒಂದು ಗಳಿಗೆ ನಿಂತಳು. ಆಮೇಲೆ ಹಿತ್ತಲಿಗೆ ಹೋಗಿ ಮಚ್ಚು ಎತ್ತಿದಳು. ನೋಡಿದವರು ತಲೆ ಕೆಟ್ಟಿದೆ ಎಂದುಕೊಂಡರು. ತಲೆ ನೆಟ್ಟಗೇ ಇತ್ತು.

ಗಂಡ ಹೋದ ಮೇಲೆ ಅಂಗಡಿಯೂ ಹೋಯಿತೆಂದು ಊರು ತಿಳಿಯಿತು. ಅಷ್ಟರಲ್ಲಿ ಬಸ್‌ಸ್ಟ್ಯಾಂಡಿನ ಹತ್ತಿರ ಹೊಸ ಅಂಗಡಿಯೊಂದು ಎದ್ದಿತ್ತು. ಸ್ಟೀಲ್ ಪೈಪಿನ ತಯಾರಿ ವಿಮಾನ, ಅದಕ್ಕೆ ಪ್ಲಾಸ್ಟಿಕ್ ಹೂ, ಬಣ್ಣದ ಬಲ್ಬು. ಒಬ್ಬರನ್ನು ಇಳಿಸಿ ಬಂದದ್ದನ್ನು ಒರೆಸಿ ಮರುದಿನ ಇನ್ನೊಬ್ಬರಿಗೆ ಕಳಿಸುವುದು. ಜನ ಅದಕ್ಕೂ ಒಗ್ಗಿಕೊಂಡರು. ಜನ ಯಾವುದಕ್ಕೆ ಒಗ್ಗುವುದಿಲ್ಲ?

ರೇಣಮ್ಮನ ಒಬ್ಬಳೇ ಮಗಳು ಸವಿತಾ ಶಹಾಪುರದ ಆನ್‌ಲೈನ್ ಸೆಂಟರೊಂದರಲ್ಲಿ ಕೆಲಸ ಮಾಡುತ್ತಿದ್ದಳು. ಜಾತಿ ಪ್ರಮಾಣಪತ್ರ, ಪಹಣಿ, ಪರೀಕ್ಷೆಯ ಅರ್ಜಿ ಎಂದು ದಿನವಿಡೀ ಮಂದಿಯ ಕೆಲಸ ಮಾಡಿಕೊಡುವವಳಿಗೆ ತನ್ನ ಅವ್ವನ ಅಂಗಡಿ ಕಣ್ಣೆದುರೇ ಒಣಗುವುದನ್ನು ನೋಡಲಾಗಲಿಲ್ಲ. ಬಿಡುವಾದಾಗಲೆಲ್ಲ ಕೂತು ಅಂಗಡಿಗೊಂದು ವೆಬ್‌ಸೈಟ್ ಮಾಡಿದಳು. ಅಪ್ಪನ ಹೆಸರು, ಮೇಲೊಂದು ಗುಲಾಬಿಯ ಚಿತ್ರ, ಆ ಜಾತಿಯ ಗುಲಾಬಿ ಸುರಪುರದ ಬಿಸಿಲಿನಲ್ಲಿ ಒಂದು ದಿನವೂ ಬಾಳುವಂಥದ್ದಲ್ಲ. ಮದುವೆ ಮಂಟಪ, ತೊಟ್ಟಿಲ ಅಲಂಕಾರ, ಕೊನೆಯಲ್ಲಿ ವಿಮಾನ. ಕೆಳಗೆ ಬಲಗಡೆ ಮೂಲೆಯಲ್ಲಿ ಹಸಿರು ಬಣ್ಣದ ದುಂಡನೆಯ ವಾಟ್ಸಾಪ್ ಬಟನ್. ಅದನ್ನು ಒತ್ತಿದರೆ ನೇರ ರೇಣಮ್ಮನ ಫೋನಿಗೆ ಮೆಸೇಜು.

ರೇಣಮ್ಮನಿಗೆ ಮಂಟಪದ ಮಟ್ಟಿಗೆ ಅದು ಸರಿಯೆನಿಸಿತು. ವಿಮಾನದ್ದಕ್ಕೆ ಒಪ್ಪಲಿಲ್ಲ. ಕಂಡರಿಯದವರು ಎಲ್ಲಿಂದಲೋ ಬರೆದು ಕಳಿಸಿದರೆ ಅದು ಖರೇ ಅಂತ ತನಗೆ ಹ್ಯಾಂಗ ಗೊತ್ತಾಗಬೇಕು ಎಂದು ಕೇಳಿದಳು.

"ಯವ್ವಾ, ಸಾವಿನ ಬಗ್ಗಿ ಯಾರರೆ ಸುಳ್ಳು ಹೇಳ್ತಾರೇನಬೇ?" ಎಂದಳು ಸವಿತಾ. "ಫೋನ್ ಹಚ್ಚಿ ಹೇಳಾಕ ಮಂದಿಗಿ ಬಾಯಿ ಬರಂಗಿಲ್ಲ. ಬರದು ಕಳಸಿದ್ರ ಅವರಿಗೂ ಹಗುರ ಆಗ್ತದ."

ರೇಣಮ್ಮ ಯೋಚಿಸಿ ನೋಡಿದಳು. ಇಷ್ಟು ವರ್ಷದಲ್ಲಿ ಸಾವಿನ ಸುಳ್ಳು ಹೇಳಿದ ಒಬ್ಬನೂ ನೆನಪಿಗೆ ಬರಲಿಲ್ಲ. ಎದುರು ನಿಂತು ಹೇಳಬೇಕಾಗಿದ್ದರಿಂದಲೇ ಯಾರೂ ಸುಳ್ಳು ಹೇಳಿರಲಿಲ್ಲ ಎಂಬುದು ಅವಳಿಗೆ ಆಗ ಹೊಳೆಯಲಿಲ್ಲ. ಬಟನ್ ಒತ್ತಿದ ಕೂಡಲೇ ತಾನಾಗಿ ಹೋಗುವ ಉತ್ತರವೊಂದನ್ನು ಸವಿತಾ ಬರೆದಿಟ್ಟಿದ್ದಳು, ನಿಮ್ಮ ಶುಭಕಾರ್ಯಕ್ಕೆ ನಮ್ಮನ್ನು ನೆನೆದಿರಿ, ಧನ್ಯವಾದ, ಮತ್ತೆ ಬನ್ನಿ ಎಂದು. ಅದನ್ನು ಓದಿಸಿ ಕೇಳಿದ ರೇಣಮ್ಮ ಹಣೆ ಬಡಿದುಕೊಂಡು ತೆಗೆಸಿದಳು. ಆ ಒಂದು ತಪ್ಪು ಹಿಡಿದದ್ದಕ್ಕೆ, ಇದರಲ್ಲಿರಬಹುದಾದ ತಪ್ಪುಗಳನ್ನೆಲ್ಲ ಹಿಡಿದೆ ಎಂಬ ಧೈರ್ಯ ಅವಳಿಗೆ ಬಂದುಬಿಟ್ಟಿತು.

ಸವಿತಾ ಹೇಳಿದ್ದು ಸುಳ್ಳೂ ಆಗಲಿಲ್ಲ. ರಾಮಸಮುದ್ರದಿಂದ ಒಬ್ಬ ಬರೆದ: ಅಪ್ಪ ಹೋದ, ವಿಮಾನ ಬೇಕು, ದಯಮಾಡಿ ಫೋನ್ ಮಾಡಬ್ಯಾಡ್ರಿ, ಅವ್ವಗ ಇನ್ನೂ ಹೇಳಿಲ್ಲ. ಆ ಮನುಷ್ಯ ಯಾರೆದುರೂ ಬಾಯಿಬಿಟ್ಟು ಅದನ್ನು ಹೇಳಲಾರದೆ ಇದ್ದನೆಂದು ರೇಣಮ್ಮನಿಗೆ ತಿಳಿಯಿತು. ಬಟನ್ನಿನ ಮೇಲೆ ಒಂದು ನಂಬಿಕೆ ಹುಟ್ಟಿದ್ದು ಅವತ್ತು. ಆಮೇಲೆ ದೂರದೂರದ ಹಳ್ಳಿಗಳಿಂದ ಮೆಸೇಜು ಬರತೊಡಗಿದವು. ಅವಳು ಓದುವುದಕ್ಕೆ ತಡವರಿಸುತ್ತಿದ್ದಳು, ಬರೆಯುವುದಂತೂ ದೂರದ ಮಾತು. ತನ್ನ ದನಿಯನ್ನೇ ರೆಕಾರ್ಡ್ ಮಾಡಿ "ಯಾವಾಗ ಆತ್ರಿ?" ಎಂದು ಕೇಳುತ್ತಿದ್ದಳು. ಮುಂಜಾನೆ ಆತು, ಈಗ ಆತು ಎಂದು ಉತ್ತರ ಬಂದ ಮೇಲೆಯೇ ಹಿತ್ತಲಿಗೆ ಹೋಗುತ್ತಿದ್ದಳು. ಬರಿಗಾಲಿನ ಬದಲಿಗೆ ಇದೊಂದು ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡಿದ್ದಳು.

ಹೀಗೆ ಕೇಳಿದ್ದಕ್ಕೆ ಒಂದು ಸಲ ಬೈಗುಳ ಬಂತು. ಹೆಂಡತಿಯನ್ನು ಕಳೆದುಕೊಂಡ ಒಬ್ಬನಿಂದ ಉತ್ತರ ಬಾರದ್ದರಿಂದ ಮೇಲಿಂದ ಮೇಲೆ ಕೇಳಿದ್ದಳು. ಹೆಣದ ಮುಂದೆ ಕುಂತು ನಿನಗೆ ಜವಾಬು ಕೊಡಲೇನು, ನಿನಗೂ ಗಂಡ ಮಕ್ಕಳು ಇಲ್ಲೇನು ಎಂದು ಅವನು ಅಳುತ್ತಲೇ ಬೈದ. ಆ ದನಿಯನ್ನು ಅವಳು ಎರಡನೆಯ ಸಲ ಹಾಕಿ ಕೇಳಲಿಲ್ಲ. ನಾಚಿಕೆಯಿಂದ ಅವತ್ತು ಊಟ ಸೇರಲಿಲ್ಲ. ಸಾವಿನ ಮನೆಯವರನ್ನು ಹೀಗೆ ಕಾಡಿ ಕೇಳುವವಳು ತಾನಾದೆನಲ್ಲ ಎಂದು ತನ್ನ ಮೇಲೇ ಸಿಟ್ಟು ಬಂತು.

ಅದಾದ ಕೆಲವೇ ದಿನಕ್ಕೆ ಕಕ್ಕೇರಾದಿಂದ ಮೆಸೇಜು ಬಂತು. ಹೊತ್ತು ಇಳಿಯುತ್ತಿತ್ತು. ಶ್ರೀಮಂತ ಎಂಬ ಹೆಸರಿನಿಂದ ಬಂದದ್ದರಲ್ಲಿ ಇಷ್ಟೇ ಇತ್ತು: ನಾಳೆ ಮುಂಜಾನೆಗೆ ಒಂದು ವಿಮಾನ ಬೇಕ್ರಿ, ಕುಂತದ್ದು, ವಯಸ್ಸಾದ ಹೆಣ್ಣಮಗಳು, ಮೈಯಾಗ ತೆಳ್ಳಗ. ಮನೆಯ ಲೊಕೇಶನ್ನೂ ಜೊತೆಗಿತ್ತು. ರೇಣಮ್ಮ ರೂಢಿಯಂತೆ ಯಾವಾಗ ಆತ್ರಿ ಎಂದು ಕೇಳಿದಳು. ಕೇಳಿಸಿಕೊಂಡ ಗುರುತಿಗೆ ನೀಲಿ ಗೀಟು ಬಿದ್ದವು, ಉತ್ತರ ಬರಲಿಲ್ಲ. ಇನ್ನೊಮ್ಮೆ ಕೇಳಲೆಂದು ಬೆರಳು ಒತ್ತಿದವಳು ಬಿಟ್ಟುಬಿಟ್ಟಳು. ತಾಯಿಯನ್ನು ಮುಂದೆ ಕೂರಿಸಿಕೊಂಡು ಅಳುತ್ತಿರುವ ಮಗನಿಗೆ ಗಳಿಗೆ ಕೇಳುವುದೇ? ವಿಮಾನ ಬೇಕು ಅಂದಮೇಲೆ ಆಗಿಯೇ ಇರಬೇಕಲ್ಲ.

ಅವಳು ಹಿತ್ತಲಿಗೆ ಹೋಗಿ ಬಿದಿರು ಕಡಿದಳು. ಹೆಣ್ಣಿನದೆಂದು ಹಸಿರು ಸೀರೆ ಸುತ್ತಿದಳು. ತೆಳ್ಳಗಿನ ಮೈ ಜೋಲಬಾರದೆಂದು ಬೆನ್ನಿಗೆ ಆಸರೆಯ ಪಟ್ಟಿಯನ್ನು ಒತ್ತಾಗಿ ಕಟ್ಟಿದಳು. ಬಹಳ ಮನಸ್ಸಿಟ್ಟು ಮಾಡಿದ ಕೆಲಸ ಅದು.

ಬೆಳಗಾದ ಮೇಲೆ ಜಾಹೀದನ ಟಂಟಂ ಆಟೋದಲ್ಲಿ ವಿಮಾನ ಏರಿಸಿಕೊಂಡು ಹೊರಟಳು. ವಿಶ್ವರಾಧ್ಯನ ಕಾಲದಿಂದಲೂ ಜಾಹೀದನೇ ಅವರ ಮಾಲು ಒಯ್ಯುವವನು. ದೇವಾಪುರ ದಾಟಿ, ಕಾಲುವೆ ನೀರಿನ ಭತ್ತದ ಗದ್ದೆಗಳ ನಡುವೆ ಹೋಗುವಾಗ ಎದುರು ಬಂದವರು ಬೈಕು ನಿಲ್ಲಿಸಿ ಕೈಮುಗಿದರು. ಕಕ್ಕೇರಾದ ಆ ಓಣಿಗೆ ಬಂದಾಗ ಜಾಹೀದ ಗಾಡಿ ನಿಧಾನ ಮಾಡಿದ. ಮನೆಯ ಮುಂದೆ ಜನರಿರಲಿಲ್ಲ. ಭಜನೆಯ ಸದ್ದಿಲ್ಲ, ಬೆಂಕಿಯ ಹೊಗೆಯಿಲ್ಲ. ಹಗ್ಗದ ಮೇಲೆ ಒಣಹಾಕಿದ ಬಟ್ಟೆ, ಒಳಗಿನಿಂದ ಒಗ್ಗರಣೆಯ ವಾಸನೆ.

"ಅಕ್ಕಾ, ಇದು ಸಾವಾದ ಮನಿ ಕಂಡಂಗಿಲ್ಲ. ನಡಿ, ಹೊಳ್ಳಿ ಹೋಗಾಮು" ಎಂದ ಜಾಹೀದ.

ಲೊಕೇಶನ್ ಅದೇ ಮನೆಯನ್ನು ತೋರಿಸುತ್ತಿತ್ತು. ಕೇಳಿ ಬರುತ್ತೇನೆಂದು ರೇಣಮ್ಮ ಇಳಿದು ಅಂಗಳಕ್ಕೆ ಬಂದಳು. ಅಷ್ಟರಲ್ಲಿ ಗಾಡಿಯ ಸದ್ದಿಗೆ ಒಳಗಿನಿಂದ ಬಂದ ಗಂಡಸೊಬ್ಬ ಅವಳನ್ನು ದಾಟಿ ಓಡಿ, ಇಲ್ಲಿ ಬ್ಯಾಡ, ಹಿಂದಿನ ಕೊಟ್ಟಿಗ್ಯಾಗ ಇಳಸ್ರಿ ಎಂದು ಪಿಸುದನಿಯಲ್ಲಿ ಜಾಹೀದನಿಗೆ ಹೇಳತೊಡಗಿದ. ಅವನೇ ಶ್ರೀಮಂತ. ಆದರೆ ಅವನು ತಡಮಾಡಿದ್ದ. ಮನೆಯ ಬಾಗಿಲು ಪೂರಾ ತೆರೆದಿತ್ತು. ಪಡಸಾಲೆಯಲ್ಲಿ ಬಾಗಿಲಿಗೆ ಎದುರಾಗಿ ಮಂಚ. ಮಂಚದ ಮೇಲೆ ದಿಂಬಿಗೆ ಒರಗಿಸಿ ಕೂರಿಸಿದ ಮುದುಕಿ, ಕಣ್ಣು ತೆರೆದುಕೊಂಡು, ಟಂಟಂನ ಮೇಲಿನ ಹಸಿರು ಸೀರೆಯ ವಿಮಾನವನ್ನೇ ನೋಡುತ್ತಿದ್ದಳು.

ರೇಣಮ್ಮ ಅಂಗಳದಿಂದ ಗಾಡಿಯ ಕಡೆಗೆ ತಿರುಗಿದಳು. ಶ್ರೀಮಂತ ಅವಳನ್ನು ಪಕ್ಕಕ್ಕೆ ಕರೆದು ಮೆಲ್ಲಗೆ ತಿಳಿಸಿ ಹೇಳಿದ. ಕಲಬುರಗಿಯ ಡಾಕ್ಟರು ಮನೆಗೆ ಒಯ್ಯಿರಿ, ಇನ್ನು ಒಂದು ರಾತ್ರಿಯ ಮಾತು ಅಂದಿದ್ದರು. ಅಕ್ಕ ತಂಗಿಯರು ಸೊಲ್ಲಾಪುರದಿಂದ ಬಂದಿದ್ದಾರೆ, ತಮ್ಮನ ರಜೆ ಮುಗಿಯುತ್ತಿದೆ. ಎಲ್ಲರೂ ಇರುವಾಗ ಯಾವುದಕ್ಕೂ ಪರದಾಟ ಬೇಡವೆಂದು ಮೊದಲೇ ಹೇಳಿಟ್ಟದ್ದು. ಕುಣಿ ತೋಡುವ ಜೆಸಿಬಿಯವನಿಗೂ ಹೇಳಿಟ್ಟಿದ್ದರಂತೆ. ಇಂಥ ಮುಂದಾಲೋಚನೆಯನ್ನು ಮಗಳ ಮದುವೆಯಲ್ಲಿ ತೋರಿಸಿದ್ದರೆ ಊರು ಮೆಚ್ಚುತ್ತಿತ್ತು.

"ನನಗ ಯಾಕ ಹೇಳಲಿಲ್ರಿ? ಯಾವಾಗ ಆತು ಅಂತ ಕೇಳಿದ್ನೆಲ್ಲ" ಎಂದಳು ರೇಣಮ್ಮ.

ಅವನು ನೆಲ ನೋಡಿದ. "ಏನಂತ ಹೇಳಬೇಕಿತ್ರಿ ಅಕ್ಕಾರ? ಎದುರಿಗಿ ಬಂದು ಕೇಳಾಕ ನನಗ ಮಾರಿ ಇರಲಿಲ್ಲ. ಅದಕ್ಕ ಬರದೆ."

ಅವನು ಕೆಟ್ಟವನಾಗಿರಲಿಲ್ಲ, ಅದೇ ರೇಣಮ್ಮನಿಗೆ ತಡೆಯಲಾಗದೆ ಹೋದದ್ದು. ಕೆಟ್ಟವನಾಗಿದ್ದರೆ ಅಂಗಳದಲ್ಲಿ ನಿಂತು ನಾಲ್ಕು ಮಾತು ಬೈದು ಹಗುರಾಗುತ್ತಿದ್ದಳು. ಮನೆಯ ಮುಂದೆ ಬಂದ ವಿಮಾನ ಮರಳಿ ಅಂಗಡಿಗೆ ಹೋಗುವಂತಿಲ್ಲ, ಅದೂ ರೂಢಿ. ರೂಢಿ ಮುರಿದರೂ ಸರಿ, ಇದನ್ನು ಒಯ್ದು ಹೊಳೆಗೆ ಹಾಕುತ್ತೇನೆ ಎಂದಳು. ಶ್ರೀಮಂತ ಬೇಡವೆಂದ. ಇವತ್ತಲ್ಲ ನಾಳೆ ಬೇಕಾಗುವುದೇ, ಮತ್ತೆ ಎಲ್ಲಿಂದ ತರುವುದು ಎಂದ. ಇಬ್ಬರೂ ಹೀಗೆ ತಗ್ಗಿದ ದನಿಯಲ್ಲಿ ವಾದಿಸುತ್ತಿರುವಾಗ ಪಡಸಾಲೆಯಿಂದ ಮುದುಕಿ ಕೈಸನ್ನೆ ಮಾಡಿ ರೇಣಮ್ಮನನ್ನು ಕರೆದಳು. ಮುದುಕಮ್ಮ ಅವಳ ಹೆಸರು.

ರೇಣಮ್ಮ ಹೋಗಿ ಮಂಚದ ಬದಿಗೆ ಕುಕ್ಕರಗಾಲಲ್ಲಿ ಕೂತಳು. ಯಾರಿಗವ್ವ ಅದು ಎಂದು ಮುದುಕಿ ಕೇಳಿದಾಗ ಅವಳ ಬಾಯಿಗೆ ಬಂದದ್ದು ಸುಳ್ಳು. ಮನಿ ತಪ್ಪಿ ಬಂದೀನಿ ಆಯಿ, ಮುಂದಿನ ಓಣಿಯವರದು ಎಂದಳು.

ಮುದುಕಿ ಅವಳ ಕೈಯನ್ನು ಹುಡುಕಿ ಹಿಡಿದುಕೊಂಡಳು. "ಸುಳ್ಳು ಯಾಕ ಹೇಳತಿಬೇ ತಂಗಿ. ಛಂದ ಕಟ್ಟಿದಿ. ಮಕ್ಕಳು ಪಾಪ, ಕೆಲಸ ಬಿಟ್ಟು ಕಾಯಾಕತ್ತಾವ. ನಾನ ತಡಾ ಮಾಡಾಕತ್ತೇನಿ."

ಸೊಸೆ ಚಮಚೆಯಲ್ಲಿ ಗಂಜಿ ತಂದಳು. ಅಲ್ಲಿಯ ತನಕ ನಾಲ್ಕು ಚಮಚೆಯಾದರೂ ಇಳಿಯುತ್ತಿತ್ತಂತೆ. ಮುದುಕಿ ತುಟಿ ಬಿಗಿಹಿಡಿದು ಮುಖವನ್ನು ಗೋಡೆಯ ಕಡೆಗೆ ತಿರುಗಿಸಿದಳು. ವಿಮಾನವನ್ನು ಕೊಟ್ಟಿಗೆಯಲ್ಲಿ ಇಳಿಸಿದರು. ರೇಣಮ್ಮ ಹೋಗುತ್ತೇನೆಂದಾಗಲೀ ಬರುತ್ತೇನೆಂದಾಗಲೀ ಹೇಳದೆ ಎದ್ದು ಬಂದಳು.

ಅವಳು ಮಗಳಿಗೆ ಏನೂ ಹೇಳಲಿಲ್ಲ. ಕೈಗೆ ಹೂ ಬಂದರೂ ಮಾಲೆ ಮುಂದೆ ಸಾಗುತ್ತಿರಲಿಲ್ಲ, ದಾರ ಗಂಟಾಗುತ್ತಿತ್ತು. ಫೋನು ಸದ್ದು ಮಾಡಿದಾಗಲೆಲ್ಲ ಹೂ ಕೆಳಗಿಟ್ಟು ಅದನ್ನು ಕೈಗೆತ್ತಿಕೊಳ್ಳುತ್ತಿದ್ದಳು. ಸುದ್ದಿ ಬರದಿದ್ದರೆ ಸಾಕು ಅನ್ನುವುದು ಒಂದು ಮನಸ್ಸು. ಬಂದು ಮುಗಿದರೆ ಸಾಕು ಅನ್ನುವುದು ಇನ್ನೊಂದು, ಆ ಇನ್ನೊಂದು ಮನಸ್ಸಿಗೆ ಅವಳಿಗೇ ಹೇಸಿಕೆಯಾಗುತ್ತಿತ್ತು. ಮೂರನೆಯ ದಿನ ಮುಂಜಾನೆ ಬಂದ ಮೆಸೇಜು ಸಾವಿನ ಸುದ್ದಿಯಾಗಿರಲಿಲ್ಲ. ಹೂ ಬಾಡ್ಯಾವ್ರಿ, ಹೊಸಾ ಹೂ ಹಾಕಿ ಕೊಡತೀರೇನು ಎಂದು ಶ್ರೀಮಂತ ಕೇಳಿದ್ದ. ಅಮ್ಮ ಹ್ಯಾಂಗ ಅದಾಳ ಎಂದು ಇವಳು ಕೇಳಿದ್ದಕ್ಕೆ ಈ ಸಲ ಉತ್ತರ ಕೂಡಲೇ ಬಂತು. ಅದಾಳ್ರಿ, ನೀವು ಬಂದು ಹೋದಾಗಿಂದ ನೀರೂ ಬಿಟ್ಟಾಳ.

ಹೂವಿನ ಬುಟ್ಟಿ ಮುಟ್ಟದೆ ರೇಣಮ್ಮ ಜಾಹೀದನಿಗೆ ಗಾಡಿ ತರಲು ಹೇಳಿದಳು. ಕಕ್ಕೇರಾದಲ್ಲಿ ನೇರ ಪಡಸಾಲೆಗೆ ಹೋಗಿ ಮಂಚದ ಮೇಲೆ ಕೂತು ಮುದುಕಿಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಳು. ಮನೆಯವರು ಬೆರಗಾಗಿ ನೋಡಿದರು, ಯಾರೂ ತಡೆಯಲಿಲ್ಲ. ಚಮಚೆಯಲ್ಲಿ ನೀರು ಹಿಡಿದು, ಕುಡಿ ಆಯಿ, ಅದನ್ನ ಬಿಚ್ಚಿ ಒಲಿಗೆ ಹಾಕ್ತೀನಿ, ನಿನಗಲ್ಲ ಅದು, ಯಾರೂ ಕಾಯಾಕತ್ತಿಲ್ಲ, ಕುಡಿ ಎಂದು ಕಿವಿಯಲ್ಲಿ ಬೇಡಿಕೊಂಡಳು. ತನ್ನ ತಾಯಿಯ ಎದುರೂ ಅವಳು ಹಾಗೆ ಬೇಡಿರಲಿಲ್ಲ. ಮುದುಕಿಗೆ ಕೇಳಿಸಿತೋ ಇಲ್ಲವೋ. ಚಮಚೆಯ ನೀರು ಬಾಯಿಯ ಅಂಚಿನಿಂದ ಇಳಿದು ಸೆರಗನ್ನು ತೋಯಿಸಿತು. ಬಿಸಿಲು ಅಂಗಳಕ್ಕೆ ಪೂರ್ತಿ ಬರುವ ಹೊತ್ತಿಗೆ ಉಸಿರು ನಿಂತಿತು. ಒಳಗಿದ್ದ ಹೆಣ್ಣುಮಕ್ಕಳು ಬಾಯಿ ಬಡಿದುಕೊಂಡು ಅಳತೊಡಗಿದರು.

ಹೊಸ ಹೂವನ್ನು ಊರಿನಲ್ಲೇ ಕಿತ್ತು ತರಿಸಿದರು. ಅದನ್ನು ಕಟ್ಟಿದವಳೂ ರೇಣಮ್ಮನೇ, ಬೇರೆ ಯಾರು ಕಟ್ಟಬೇಕು? ಒತ್ತಾಗಿ ಕಟ್ಟಿದ್ದ ಬೆನ್ನಿನ ಪಟ್ಟಿ ಈಗ ಸಡಿಲವಾಗಿತ್ತು, ಅಷ್ಟರಲ್ಲಿ ಅಷ್ಟು ಬತ್ತಿದ್ದಳು ಮುದುಕಿ. ಎರಡೂ ಬದಿಗೆ ಹಳೆಯ ಸೀರೆ ತುರುಕಿ ಅವಳನ್ನು ನೆಟ್ಟಗೆ ಕೂರಿಸಿದಳು.

ಮಣ್ಣಾದ ಮೇಲೆ ಸಂಜೆಗೆ ಶ್ರೀಮಂತನಿಂದ ಬಂದ ಮೆಸೇಜನ್ನು ಸವಿತಾಳೇ ಮೊದಲು ನೋಡಿದ್ದು. ಶನಿವಾರವೆಂದು ಶಹಾಪುರದಿಂದ ಬೇಗ ಬಂದಿದ್ದಳು. ಬಹಳ ಉಪಕಾರ ಆತ್ರಿ, ಟೈಮಿಗಿ ಸರಿಯಾಗಿ ತಂದುಕೊಟ್ರಿ, ನಮ್ಮ ಬೀಗರಿಗೂ ನಿಮ್ಮ ನಂಬರ್ ಕೊಟ್ಟೀನಿ ಎಂದಿತ್ತು. ಇಂಥ ಮಾತನ್ನು ವೆಬ್‌ಸೈಟಿನ ಮೇಲೆ ಹಾಕಿದರೆ ನೋಡಿದವರಿಗೆ ನಂಬಿಕೆ ಬರುತ್ತದೆ, ಹಾಕಲೇನು ಎಂದು ಅವಳು ಖುಷಿಯಿಂದ ಕೇಳಿದಳು.

ರೇಣಮ್ಮ ಆಗ ಎಲ್ಲವನ್ನೂ ಹೇಳಿದಳು. ಕೇಳುತ್ತ ಕೇಳುತ್ತ ಸವಿತಾಳ ಮುಖ ಕಂದಿತು. ತನ್ನಿಂದ ಆಯಿತೆಂದು ಅತ್ತಳು, ಬಟನ್ ಈಗಲೇ ತೆಗೆಯುತ್ತೇನೆಂದು ಫೋನು ಕೈಗೆತ್ತಿಕೊಂಡಳು.

"ತೆಗಿ. ಆದ್ರ ತಪ್ಪು ಅದರ ಮ್ಯಾಲ ಹಾಕಬ್ಯಾಡ" ಎಂದಳು ರೇಣಮ್ಮ. "ಬಿದಿರು ಕಡದಾಕಿ ನಾನು."

ಬಟನ್ ಹೋಯಿತು. ನಂಬರು ಹಂಚಿಹೋಗಿದ್ದರಿಂದ ಮೆಸೇಜು ನಿಲ್ಲಲಿಲ್ಲ. ಯಾರೇ ಬರೆದರೂ ರೇಣಮ್ಮ ಈಗ ತಿರುಗಿ ಫೋನ್ ಹಚ್ಚುತ್ತಾಳೆ, ಉಸಿರು ಹೋಗೇದೇನು, ನೀವು ಕಣ್ಣಾರೆ ನೋಡೀರೇನು ಎಂದು ಕೇಳುತ್ತಾಳೆ. ಕೆಲವರು ಬೈದು ಬಸ್‌ಸ್ಟ್ಯಾಂಡಿನ ಅಂಗಡಿಗೆ ಹೋಗುತ್ತಾರೆ. ಕೆಲವರು ಅಳುತ್ತ ಹೌದೆನ್ನುತ್ತಾರೆ. ಹೌದೆಂದರೂ ಮಚ್ಚು ಹಿಡಿದ ಕೈ ಬಿದಿರಿನ ಮೇಲೆ ಒಂದಿಷ್ಟು ಹೊತ್ತು ಹಾಗೇ ನಿಲ್ಲುತ್ತದೆ. ಅಲ್ಲೆಲ್ಲೋ ಒಬ್ಬಳು ತನ್ನಿಂದ ನಾಲ್ಕು ಮಂದಿಗೆ ತಡವಾಗುತ್ತಿದೆಯೆಂದು ಸಂಕೋಚಪಟ್ಟು ಬಾಯಿ ಮುಚ್ಚಿಕೊಳ್ಳುತ್ತಿರಬಹುದು ಎಂದು ಅವಳಿಗೆ ಅನಿಸುತ್ತದೆ.